ಸಾಫ್ಟ್‌ವೇರ್‌ಗೆ ಹೆಸರಿಡುವ ಮುನ್ನ ಒಂದು ಫೋನ್ ಮಾಡಿ

ತಿಂಗಳುಗಟ್ಟಲೆ ಕೂತು ಕೋಡ್ ಬರೆಯುತ್ತೇವೆ. ಹೆಸರು ಮಾತ್ರ ಅಪ್‌ಲೋಡ್ ಮಾಡುವ ರಾತ್ರಿ ಹತ್ತು ನಿಮಿಷದಲ್ಲಿ ಇಟ್ಟುಬಿಡುತ್ತೇವೆ. ಆಮೇಲೆ ಯಾರೂ ಬಳಸುತ್ತಿಲ್ಲ ಎಂಬ ಕೊರಗು. ಹೆಸರು ಚೆಂದ ಇದ್ದರೆ ಸಾಲದು. ಕಿವಿಗೆ ಬಿದ್ದದ್ದನ್ನು ಟೈಪ್ ಮಾಡಿದರೆ ಅದೇ ಸಿಗಬೇಕು.

ಮೊದಲು ಫೋನ್ ಪರೀಕ್ಷೆ. ನಾಲ್ಕೈದು ಹೆಸರು ಬರೆದಿಟ್ಟುಕೊಂಡು ಗೆಳೆಯರೊಬ್ಬರಿಗೆ ಕರೆ ಮಾಡಿ. ಒಂದೇ ಸಲ ಹೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಲು ಕೇಳಿ. ಕನ್ನಡದ ಹೆಸರು ಎಡವುವುದು ಇಲ್ಲೇ. ‘ಹಾಡು’ ಎಂದರೆ ಒಬ್ಬರು ಒಂದು ‘ಎ’ ಹಾಕುತ್ತಾರೆ, ಇನ್ನೊಬ್ಬರು ಎರಡು. ‘ಬಳ್ಳಿ’ಯ ಳಕಾರ ಅಲ್ಲಿ ಉಳಿಯುವುದೇ ಇಲ್ಲ. ಕನ್ನಡ ಟೈಪ್ ಮಾಡುವ ನಮ್ಮ ‘ನುಡಿ’, ‘ಬರಹ’ ನೋಡಿ. ಪುಟ್ಟ ಹೆಸರುಗಳು, ಬೆರಳು ತಡವರಿಸುವುದಿಲ್ಲ, ಕೆಲಸ ಏನೆಂದು ಅವೇ ಹೇಳುತ್ತವೆ.

ಆಮೇಲೆ ಹುಡುಕಿ ನೋಡಿ. ದಿನಬಳಕೆಯ ಪದವಾದರೆ ನಿಮ್ಮ ಸಾಫ್ಟ್‌ವೇರ್ ಜಾತ್ರೆಯಲ್ಲಿ ಕಳೆದುಹೋದ ಮಗು. ಗೂಗಲ್ 2009ರಲ್ಲಿ ‘ಗೋ’ ಎಂಬ ಹೆಸರಿನ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದಿತು. ಅದನ್ನು ಹುಡುಕುವವರು ಇವತ್ತಿಗೂ ‘ಗೋಲ್ಯಾಂಗ್’ ಎಂದು ಟೈಪ್ ಮಾಡುತ್ತಾರೆ. ಹುಡುಕಾಟದಿಂದಲೇ ಬೆಳೆದ ಕಂಪನಿ ಹೀಗೆ ಮಾಡಿದ್ದು ತಮಾಷೆ ಅಲ್ವಾ?

ಮೂರನೆಯದು, ಆ ಹೆಸರು ಬೇರೆಯವರದ್ದಾ ಎಂದು ನೋಡುವುದು. ಇದರಲ್ಲಿ ಸೋಮಾರಿತನ ಬೇಡ. ಫೈರ್‌ಫಾಕ್ಸ್ ಬ್ರೌಸರ್‌ಗೆ 2002ರಲ್ಲಿ ‘ಫೀನಿಕ್ಸ್’ ಎಂಬ ಹೆಸರಿತ್ತು. ಫೀನಿಕ್ಸ್ ಟೆಕ್ನಾಲಜೀಸ್ ತಕರಾರು ತೆಗೆಯಿತು. 2003ರಲ್ಲಿ ‘ಫೈರ್‌ಬರ್ಡ್’ ಆಯಿತು. ಅದೇ ಹೆಸರಿನ ಡೇಟಾಬೇಸ್ ಮಾಡುತ್ತಿದ್ದವರು ಸಿಟ್ಟಾದರು. 2004ರ ಫೆಬ್ರವರಿಯಲ್ಲಿ ಕೆಂಪು ಪಾಂಡಾದ ಇನ್ನೊಂದು ಹೆಸರಾದ ‘ಫೈರ್‌ಫಾಕ್ಸ್’ ಗಟ್ಟಿಯಾಯಿತು. ಪುಣ್ಯಕ್ಕೆ 1.0 ಆವೃತ್ತಿ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಜನ ಗುಂಪುಗುಂಪಾಗಿ ಬರುವ ಹೊತ್ತಿಗೆ ಬೋರ್ಡ್ ಬದಲಾಗಿತ್ತು. ಹೆಸರು ಬದಲಿಸಲೇಬೇಕೆಂದರೆ ಹೀಗೆ ಬೇಗ ಬದಲಿಸಿ.

ಭಾರತದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟ್‌ನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಸಾಫ್ಟ್‌ವೇರ್ ಬರುವುದು 9ನೇ ವರ್ಗದಲ್ಲಿ. ಕೋಡ್ ಹಂಚಿಕೊಳ್ಳುವ ತಾಣಗಳಾದ ಪೈಪಿಐ, ಎನ್‌ಪಿಎಂಗಳಲ್ಲೂ ಕಣ್ಣಾಡಿಸಿ.

ಕಂಪನಿಯ ಕೆಲಸದ ನಡುವೆ ಶುರುವಾದ ಯೋಜನೆಯಾದರೆ ಹೆಸರು ಯಾರದ್ದೆಂದು ಮೊದಲೇ ಬರೆದಿಟ್ಟುಕೊಳ್ಳಿ. ನೆಟ್‌ವರ್ಕ್ ತಪಾಸಣೆಯ ‘ಇಥೀರಿಯಲ್’ 2006ರಲ್ಲಿ ‘ವೈರ್‌ಶಾರ್ಕ್’ ಆದದ್ದು ಇದಕ್ಕೇ. ಅದನ್ನು ಕಟ್ಟಿದ ಜೆರಾಲ್ಡ್ ಕೋಂಬ್ಸ್ ಕೆಲಸ ಬದಲಿಸಿದಾಗ ಕೋಡ್ ಜೊತೆಗೆ ಬಂತು, ಹೆಸರು ಬರಲಿಲ್ಲ.

ಬೇರೆ ಭಾಷೆಯಲ್ಲಿ ಅದು ಬೈಗುಳವಾ ಎಂದೂ ಕೇಳಿ ನೋಡಿ. ಚಿತ್ರ ತಿದ್ದುವ ‘ಗಿಂಪ್’ ಹೆಸರಿನ ಬಗ್ಗೆ ಇಂಗ್ಲಿಷ್ ಮಾತಾಡುವವರಿಗೆ ಮುಜುಗರವಿತ್ತು. 2019ರಲ್ಲಿ ಕೆಲವರು ಅದರ ಕೋಡನ್ನೇ ತೆಗೆದುಕೊಂಡು, ಕವಲೊಡೆಸಿ, ‘ಗ್ಲಿಂಪ್ಸ್’ ಎಂಬ ಬೇರೆ ಸಾಫ್ಟ್‌ವೇರ್ ಮಾಡಿದರು. ಎರಡೇ ವರ್ಷಕ್ಕೆ ಅದು ನಿಂತಿತು, ಗಿಂಪ್ ಇನ್ನೂ ಓಡುತ್ತಿದೆ. ಹಾಗಾಗಿ ಈ ಹಂತಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟಾದರೂ ಯಾವುದೂ ಹಿಡಿಸದಿದ್ದರೆ ಇನ್ನೊಬ್ಬರ ಕೈಗೆ ಬಿಡಿ. 1991ರಲ್ಲಿ ತಾವು ಬರೆದ ಆಪರೇಟಿಂಗ್ ಸಿಸ್ಟಂಗೆ ಲೀನಸ್ ಟೊರ್ವಾಲ್ಡ್ಸ್ ಮನಸ್ಸಿನಲ್ಲಿದ್ದ ಹೆಸರು ‘ಫ್ರೀಯಾಕ್ಸ್’. ಸರ್ವರ್‌ನಲ್ಲಿ ಜಾಗ ಕೊಟ್ಟ ಆರಿ ಲೆಮ್ಕೆಗೆ ಅದು ಹಿಡಿಸಲಿಲ್ಲ. ಸುಮ್ನೆ ಫೋಲ್ಡರ್‌ಗೆ ‘ಲಿನಕ್ಸ್’ ಎಂದು ಬರೆದುಬಿಟ್ಟರು.