ರಕ್ತ ಕೊಡಲು ಹೊರಟಿದ್ದೀರಾ? ಮನೆಯಲ್ಲೇ ಇಷ್ಟು ನೋಡಿಕೊಳ್ಳಿ

ಶಿಬಿರದಲ್ಲಿ ಸಾಲು ನಿಂತು, ಕೊನೆಗೆ ‘ಈ ಸಲ ಬೇಡ’ ಅನ್ನಿಸಿಕೊಂಡು ವಾಪಸ್ ಬಂದರೆ ಬೇಜಾರಾಗುತ್ತೆ, ಅಲ್ವಾ? ಬಹುಪಾಲು ಕಾರಣಗಳನ್ನು ಮೊದಲೇ ತಿಳಿದುಕೊಳ್ಳಬಹುದು.

ವಯಸ್ಸು 18 ತುಂಬಿರಬೇಕು, 65 ದಾಟಿರಬಾರದು. ಮೊದಲ ಸಲ ಕೊಡುವವರಿಗೆ 60 ವರ್ಷದ ಮಿತಿ. ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಹಿಂದಿನ ಸಲ ಕೊಟ್ಟಾದ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು.

ಆಮೇಲೆ ಕಳೆದ ಒಂದು ವರ್ಷವನ್ನು ನೆನಪು ಮಾಡಿಕೊಳ್ಳಿ. ಟ್ಯಾಟೂ ಹಾಕಿಸಿದ್ದೀರಾ? ಮೂಗು ಚುಚ್ಚಿಸಿದ್ದೀರಾ? ಹಾಗಿದ್ದರೆ 12 ತಿಂಗಳು ಕಾಯಬೇಕು. ಸೂಜಿಯಿಂದ ಸೋಂಕು ತಗುಲಿದ್ದರೆ ಶುರುವಿನಲ್ಲಿ ಅದು ಪರೀಕ್ಷೆಗೂ ಸಿಗದೆ ಹೋಗಬಹುದು. ಅದಕ್ಕೇ ಫಾರಂ ತುಂಬುವಾಗ ಏನನ್ನೂ ಮುಚ್ಚಿಡಬೇಡಿ. ಮಲೇರಿಯಾ ವಾಸಿಯಾಗಿ 3 ತಿಂಗಳು, ಡೆಂಗಿಯಾದರೆ 6 ತಿಂಗಳು ಕಳೆದಿರಬೇಕು. ಹೆರಿಗೆಯಾಗಿ ವರ್ಷ ತುಂಬದವರು, ಮಗುವಿಗೆ ಹಾಲೂಡಿಸುತ್ತಿರುವವರು ಈಗ ಕೊಡುವಂತಿಲ್ಲ.

ಶುಗರ್ ಇದ್ದವರು ಕೊಡಲೇಬಾರದು ಎಂದು ಸುಮ್ನೆ ಹೇಳುತ್ತಾರೆ. ಮಾತ್ರೆಯಲ್ಲೇ ಹತೋಟಿಯಲ್ಲಿದ್ದು, 4 ವಾರದಿಂದ ಮಾತ್ರೆ ಬದಲಾಗಿಲ್ಲದಿದ್ದರೆ ಕೊಡಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಕೊಡುವಂತಿಲ್ಲ.

ನೋಡಲು ಗಟ್ಟಿಮುಟ್ಟಾಗಿರುವವರೂ ಎಡವುವುದು ಹಿಮೋಗ್ಲೋಬಿನ್ ಹತ್ತಿರ. ಗಂಡಸರಿಗೂ ಹೆಂಗಸರಿಗೂ 100 ಮಿ.ಲೀ. ರಕ್ತದಲ್ಲಿ 12.5 ಗ್ರಾಂ ಇರಲೇಬೇಕು. ಅದನ್ನು ಅಳೆಯಲು ಈಗ ಮೀಟರ್ ಬಂದಿದೆ. ಹಳೆಯ ಕ್ರಮದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಅದು ಮೈಲುತುತ್ತದ ನೀರು. ಮಲೆನಾಡಿನವರು ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತ. ಹನಿ ಸರ್ರನೆ ತಳಕ್ಕೆ ಇಳಿದರೆ ಪಾಸು. ತೇಲಿದರೆ ಅಥವಾ ನಡುವೆಯೇ ತಡೆದರೆ ರಕ್ತ ಸಾಲದು ಎಂದರ್ಥ. ಹಾಗಾದರೆ ಡಾಕ್ಟರಿಗೆ ತೋರಿಸಿ. ಸೊಪ್ಪು, ಕಾಳು ಜಾಸ್ತಿ ತಿನ್ನಿ, ಜೊತೆಗೆ ನಿಂಬೆಹುಳಿ ಇರಲಿ. ಊಟವಾದ ಕೂಡಲೇ ಟೀ ಕುಡಿಯುವ ಚಟ ಬಿಡಿ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ.

ಕೊಡುವ ದಿನ ಉಪವಾಸ ಬೇಡ. ದೇವರ ಹೆಸರಲ್ಲಿ ಶಿಬಿರ ನಡೆದರೂ ತಿಂಡಿ ತಿಂದೇ ಹೋಗಿ, ನೀರು ಚೆನ್ನಾಗಿ ಕುಡಿಯಿರಿ. ಹಿಂದಿನ ರಾತ್ರಿ ನಿದ್ದೆಯಾಗಿರಲಿ, ಗುಂಡು ಹಾಕಿರಬಾರದು. ಬಿಪಿ, ನಾಡಿಮಿಡಿತ ಅವರೇ ನೋಡುತ್ತಾರೆ.

ಕೊಟ್ಟಾದ ಮೇಲೆ ಬಿಸ್ಕತ್ತು, ಜ್ಯೂಸ್ ತೆಗೆದುಕೊಂಡು ಸ್ವಲ್ಪ ಹೊತ್ತು ಕುಳಿತೇ ಇರಿ. ಆ ದಿನ ಭಾರ ಎತ್ತಬೇಡಿ. ಒಂದೆರಡು ದಿನದಲ್ಲಿ ಜ್ವರ ಕಾಣಿಸಿಕೊಂಡರೆ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ ತಿಳಿಸಿ. ನಿಮ್ಮ ರಕ್ತ ಯಾರಿಗಾದರೂ ಹೋಗುವ ಮುಂಚೆ ಅದನ್ನು ತಡೆಯಬಹುದು.