ಬೀಗ ಇದೆ ಅನ್ನೋದೂ ಗೊತ್ತಾಗಬಾರದು

ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಕ್ಕಳ ಹೇಳಿಕೆ ಬರೆದುಕೊಳ್ಳುವುದು ನನ್ನ ಕೆಲಸ. ಆಳಂದ, ಅಫಜಲಪುರ ಕಡೆಯ ಹಳ್ಳಿಗಳಿಗೆ ಹೋಗಿ ಬಂದು, ಕಲಬುರಗಿಯಲ್ಲಿ ಕೂತು ಲ್ಯಾಪ್‌ಟಾಪಿಗೆ ಹಾಕುತ್ತೇನೆ. ನನ್ನ ಹೆಸರು, ಓಣಿ ಇಲ್ಲಿ ಹೇಳುವುದಿಲ್ಲ. ಯಾಕೆ ಅಂತ ಓದುತ್ತಾ ಗೊತ್ತಾಗುತ್ತೆ.

ಮೊದಲೆಲ್ಲ ಫೈಲಿಗೆ ಪಾಸ್‌ವರ್ಡ್ ಹಾಕಿ ಸುಮ್ನೆ ಇದ್ದೆ. ಒಂದು ದಿನ ಒಬ್ಬಾಕೆಯ ಗಂಡನ ಕಡೆಯವರು ನಾಲ್ಕು ಜನ ಬಂದರು. "ಏನದ ಇದ್ರಾಗ? ಪಾಸ್‌ವರ್ಡ್ ಹಾಕ್ರಿ, ನೋಡ್ತೀವಿ" ಅಂದರು. ನಾನು ಹಾಕಲಿಲ್ಲ. ಆದರೆ ಬೀಗ ಕಂಡ ಮೇಲೆ ಕೀಲಿ ಕೇಳದೇ ಬಿಡ್ತಾರಾ?

ಆಮೇಲೆ ವೆರಾಕ್ರಿಪ್ಟ್ ಅನ್ನೋ, ಫೈಲ್‌ಗಳಿಗೆ ಬೀಗ ಹಾಕುವ ಸಾಫ್ಟ್‌ವೇರ್ ಕಲಿತೆ. 2004ರಲ್ಲಿ ಬಂದು 2014ರಲ್ಲಿ ನಿಂತ ಟ್ರೂಕ್ರಿಪ್ಟ್ ಅನ್ನೋ ಸಾಫ್ಟ್‌ವೇರಿನ ಮುಂದಿನ ರೂಪ ಇದು, ದುಡ್ಡು ಕೊಡಬೇಕಿಲ್ಲ. ಇದರಲ್ಲಿ ಫೈಲ್‌ಗಳನ್ನೆಲ್ಲ ಒಳಗಿಟ್ಟು ಬೀಗ ಹಾಕುವ ಒಂದು ದೊಡ್ಡ ಫೈಲ್ ಮಾಡಬಹುದು, ಅದನ್ನೇ ಪೆಟ್ಟಿಗೆ ಅನ್ನುತ್ತೇನೆ. ಒಂದೇ ಪೆಟ್ಟಿಗೆಗೆ ಎರಡು ಪಾಸ್‌ವರ್ಡ್ ಇಡಬಹುದು. ಒಂದಕ್ಕೆ ಹೊರಭಾಗ ತೆರೆಯುತ್ತದೆ, ಇನ್ನೊಂದಕ್ಕೆ ಒಳಭಾಗ. ಪೆಟ್ಟಿಗೆ ಮಾಡುವಾಗಲೇ ಖಾಲಿ ಜಾಗಕ್ಕೆಲ್ಲ ತಲೆಬುಡವಿಲ್ಲದ ಡೇಟಾ ತುಂಬುತ್ತದೆ. ಒಳಭಾಗ ಕೂತಿರುವುದು ಅದರ ನಡುವೆಯೇ, ಅದೂ ನೋಡಲು ಹಾಗೇ ಇರುತ್ತದೆ. ಹೊರಗಿನ ಪಾಸ್‌ವರ್ಡ್ ಕೊಟ್ಟರೂ ಒಳಗೆ ಇನ್ನೊಂದು ಇದೆ ಅಂತ ಪೆಟ್ಟಿಗೆ ನೋಡಿ ಹೇಳಲು ಬರುವುದಿಲ್ಲ.

10 ಜಿಬಿ ಪೆಟ್ಟಿಗೆ ಮಾಡಿ, 4 ಜಿಬಿ ಒಳಗೆ ಇಟ್ಟುಕೊಂಡೆ. ಹೊರಗೆ ಏನೂ ಇಡದಿದ್ದರೆ ಅನುಮಾನ ಬರುತ್ತದೆ ಅಲ್ವಾ? ಯಾರಾದರೂ ಬೀಗ ಹಾಕಿ ಇಡುವಂಥ ನಿಜವಾದ ಮನೆ ಕಾಗದಪತ್ರಗಳನ್ನೇ ಇಟ್ಟೆ. ಆಗಾಗ ಹೊಸದು ಸೇರಿಸುತ್ತಿದ್ದೆ.

ಅಲ್ಲೇ ತಪ್ಪಾಯಿತು. ಒಳಗೊಂದು ಇದೆ ಅಂತ ಹೊರಭಾಗಕ್ಕೆ ಗೊತ್ತಿರುವುದಿಲ್ಲ, ಜಾಗ ಖಾಲಿ ಇದೆ ಅಂತಲೇ ಬರೆಯುತ್ತಾ ಹೋಗುತ್ತದೆ. ತಂಗಿಯ ಮದುವೆಯ ಫೋಟೊ, ವಿಡಿಯೊ ಎಲ್ಲ ಅಲ್ಲಿಗೆ ಹಾಕಿದೆ. ಮರುದಿನ ಒಳಗಿನ ಪಾಸ್‌ವರ್ಡ್ ಕೊಟ್ಟರೆ ಒಪ್ಪಿಕೊಂಡಿತು, ಆದರೆ ಡ್ರೈವ್ ಫಾರ್ಮ್ಯಾಟ್ ಮಾಡಲೇ ಅಂತ ವಿಂಡೋಸ್ ಕೇಳಿತು. 17 ಹೇಳಿಕೆ ಹೋಗಿದ್ದವು. 11 ನೋಟ್‌ಬುಕ್ಕಿನಲ್ಲಿದ್ದವು, ಮತ್ತೆ ಟೈಪ್ ಮಾಡಿದೆ. ಉಳಿದ 6 ಜನರ ಮನೆಗೆ ಮತ್ತೆ ಹೋಗಿ, ಅದೇ ನೋವನ್ನು ಅವರ ಬಾಯಿಂದ ಇನ್ನೊಮ್ಮೆ ಹೇಳಿಸಿದೆ. "ಅವತ್ತೇ ಎಲ್ಲಾ ಹೇಳಿದ್ನಲ್ರೀ ಅಕ್ಕೋರೆ" ಅಂದಳು ಒಬ್ಬಾಕೆ, ಸೆರಗು ಬಾಯಿಗೆ ಒತ್ತಿಕೊಂಡು.

ಈಗ ಹೊರಭಾಗಕ್ಕೆ ಏನಾದರೂ ಹಾಕುವಾಗ, ಪೆಟ್ಟಿಗೆ ತೆರೆಯುವಾಗ ಬರುವ ಮೌಂಟ್ ಆಪ್ಷನ್ಸ್‌ನಲ್ಲಿ ಒಳಭಾಗ ಕಾಪಾಡುವ ಆಯ್ಕೆಗೆ ಟಿಕ್ ಮಾಡಿ ಎರಡೂ ಪಾಸ್‌ವರ್ಡ್ ಕೊಡುತ್ತೇನೆ. ಒಳಗಿನ ಜಾಗಕ್ಕೆ ಕೈ ಹಾಕಿದರೆ ಬರೆಯುವುದೇ ನಿಂತುಬಿಡುತ್ತದೆ. ಒಬ್ಬಳೇ ಇದ್ದಾಗ ಮಾತ್ರ ಇದನ್ನು ಮಾಡುತ್ತೇನೆ, ಯಾಕಂದರೆ ಆ ಟಿಕ್ ಕಂಡರೆ ಗುಟ್ಟು ಬಯಲು.

ಪೆಟ್ಟಿಗೆಗಿಂತ ಜಾಸ್ತಿ ಚಾಡಿ ಹೇಳುವುದು ಕಂಪ್ಯೂಟರ್. ಇತ್ತೀಚೆಗೆ ತೆರೆದ ಫೈಲ್‌ಗಳ ಪಟ್ಟಿಯಲ್ಲಿ 'ಹೇಳಿಕೆ 12' ಅಂತ ಕಂಡರೆ ಮುಗೀತು. ಅದಕ್ಕೇ ವಿಂಡೋಸ್ ಬದಲು ಪೆನ್‌ಡ್ರೈವಿನಿಂದಲೇ ನಡೆಯುವ ಟೇಲ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡಿದಾಗ ಮಾತ್ರ ಒಳಭಾಗ ತೆರೆಯುತ್ತೇನೆ. ಅದು ಲ್ಯಾಪ್‌ಟಾಪಿನ ಡಿಸ್ಕಿಗೆ ತಾನಾಗಿ ಏನೂ ಬರೆಯುವುದಿಲ್ಲ. ಪೆಟ್ಟಿಗೆಯನ್ನು ಹಳೇ ಕಾಲದ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಈಗಿನ ಡಿಸ್ಕ್, ತಾನೇ ಬರೆಯುವ ಜಾಗ ಬದಲಿಸುತ್ತಿರುತ್ತದೆ, ಹಳೇ ಗುರುತು ಎಲ್ಲೋ ಉಳಿಯಬಹುದು.

ಇನ್ನೊಂದು ಪ್ರತಿ ಬೇರೆ ಊರಲ್ಲಿದೆ. ಪೆಟ್ಟಿಗೆಯನ್ನೇ ಕಾಪಿ ಮಾಡಲಿಲ್ಲ. ಕಾಪಿ ಮಾಡಿದ ಮೇಲೆ ಒಂದರ ಒಳಭಾಗಕ್ಕೆ ಹೊಸದು ಸೇರಿಸಿ, ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಖಾಲಿ ಇರಬೇಕಾದ ಜಾಗ ಬದಲಾಗಿರುವುದು ಸಿಕ್ಕಿಬೀಳುತ್ತದೆ. ಹೊಸ ಪೆಟ್ಟಿಗೆ ಮಾಡಿ, ಬೇರೆ ಪಾಸ್‌ವರ್ಡ್ ಇಟ್ಟು, ಒಂದೊಂದೇ ಹೇಳಿಕೆ ಅದರೊಳಗೆ ಹಾಕಿದೆ.