ಮೈ ತುಂಬ ಹುಣ್ಣಿನ ಯೇಸು: ನಾನು ಆ ಚಿತ್ರ ಓದಿದ್ದು ಹೀಗೆ

ಮಂಡ್ಯದಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವವನು ನಾನು. ಮೈಸೂರಿನ ಫಿಲೋಮಿನಾ ಚರ್ಚಿನ ಬಣ್ಣದ ಗಾಜಿನಲ್ಲಿರುವ ಯೇಸು ಅವರಿಗೂ ಗೊತ್ತು. ಆದರೆ ಜರ್ಮನಿಯ ಗ್ರ್ಯೂನೆವಾಲ್ಡ್ 1512–16ರ ಸುಮಾರಿಗೆ ಬರೆದ ಇಸೆನ್‌ಹೈಮ್ ಬಲಿಪೀಠದ (ಪೂಜಾವೇದಿಕೆಯ ಹಿಂದೆ ನಿಲ್ಲಿಸುವ ಚಿತ್ರಹಲಗೆಗಳು) ಶಿಲುಬೆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದಾಗ ಎಲ್ಲರೂ ಬೆಚ್ಚಿದರು. "ಸಾರ್, ಇದು ಬರೀ ಚಾಟಿ ಏಟಿನ ಗಾಯಾನಾ? ಕಾಯಿಲೆ ಬಂದಂಗೈತೆ" ಅಂದಳು ಒಬ್ಬ ಹುಡುಗಿ.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಸಂಕೇತಗಳ ಪಟ್ಟಿ ಹಿಡಿದು ಕೂರುವ ಮೊದಲು, ಚಿತ್ರ ಎಲ್ಲಿತ್ತು, ಅದರೆದುರು ಯಾರು ನಿಲ್ಲುತ್ತಿದ್ದರು ಎಂದು ನೋಡುತ್ತೇನೆ. ಈಗ ಫ್ರಾನ್ಸಿನ ಕೋಲ್ಮಾರ್‌ನಲ್ಲಿರುವ ಇದು ಆಗ ಇದ್ದದ್ದು ಇಸೆನ್‌ಹೈಮ್ ಊರಿನ, ಸಂತ ಅಂತೋಣಿಯ ಹೆಸರಿನ ಮಠದಲ್ಲಿ. ಅಲ್ಲಿನ ಸನ್ಯಾಸಿಗಳು 'ಸಂತ ಅಂತೋಣಿಯ ಬೆಂಕಿ' ಎಂಬ ಕಾಯಿಲೆ ಹತ್ತಿದವರ ಆರೈಕೆ ಮಾಡುತ್ತಿದ್ದರು. ರೈ ಎಂಬ ಧಾನ್ಯದ ತೆನೆಗೆ ಬೂಷ್ಟು ಹಿಡಿದು, ಅದರ ರೊಟ್ಟಿ ತಿಂದವರ ಕೈಕಾಲು ಉರಿದು, ಕಪ್ಪಾಗಿ, ಉದುರಿಯೇ ಹೋಗುತ್ತಿದ್ದವು. ಬೇಸಾಯ ಬಲ್ಲ ಗೆಳೆಯನಿಗೆ ಹೇಳಿದೆ. "ನಮ್ ಸಜ್ಜೆ ತೆನೆಗೂ ಅದರ ದಾಯಾದಿ ಬತ್ತದೆ ಕಣಯ್ಯ" ಅಂದ. ಹಸಿರುಗಟ್ಟಿದ ಆ ಮೈ, ಸೆಟೆದ ಆ ಬೆರಳು ಯಾರಿಗಾಗಿ ಎಂಬುದು ಆಮೇಲೆ ವಿವರಿಸಬೇಕಾಗಲಿಲ್ಲ. ನರಳುವವನಿಗೆ ತನ್ನಂತೆಯೇ ನರಳುವ ದೇವರು ಕಾಣಬೇಕಿತ್ತು.

ಉಳಿದವು ಸಲೀಸು. ಶಂಖಚಕ್ರ ನೋಡಿ ವಿಷ್ಣು ಅನ್ನುವ ಹಾಗೆ, ಸುಗಂಧತೈಲದ ಭರಣಿ ನೋಡಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಅನ್ನಬಹುದು. ಕುರಿಮರಿಯ ಎದೆಯಿಂದ ರಕ್ತ ಪಾತ್ರೆಗೆ ಸುರಿಯುತ್ತಿದೆ. ಬಲಿಯಾದವನು ಯೇಸುವೇ, ಪಾತ್ರೆ ಪೂಜೆಯ ದ್ರಾಕ್ಷಾರಸದ್ದು. ಬೆರಳು ಚಾಚಿ ನಿಂತ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನ ಮುಂದೆ ಮಾತ್ರ ನಾನು ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ಯೇಸುವನ್ನು ಶಿಲುಬೆಗೇರಿಸುವ ಮೊದಲೇ ದೊರೆ ಹೆರೋದ ಇವನ ತಲೆ ಕಡಿಸಿದ್ದ! ಅಂದಮೇಲೆ ಇದು ಘಟನೆಯ ಚಿತ್ರವಲ್ಲ, ಸಾಕ್ಷಿ ಹೇಳುವ ಚಿತ್ರ. ಪಕ್ಕದಲ್ಲೇ ಕೆಂಪು ಲ್ಯಾಟಿನ್ ಅಕ್ಷರ: ಆತನು ಬೆಳೆಯಬೇಕು, ನಾನು ಕುಗ್ಗಬೇಕು. ಯೇಸು ಎಲ್ಲರಿಗಿಂತ ದೊಡ್ಡದಾಗಿ, ಮಗ್ದಲದ ಮರಿಯಳು ತೀರ ಚಿಕ್ಕದಾಗಿ ಇರುವುದನ್ನು ಇದರ ಜೊತೆಗೇ ಓದಿಸುತ್ತೇನೆ.

ಎಲ್ಲ ವ್ಯಾಖ್ಯಾನವನ್ನೂ ನಾನು ನುಂಗುವುದಿಲ್ಲ. ಬಾಗಿಲಿನಂಥ ಈ ಹಲಗೆಗಳನ್ನು ತೆರೆದರೆ ಯೇಸುವಿನ ಬಲತೋಳು ಮೈಯಿಂದ ಬೇರೆಯಾಗುತ್ತದೆ. ಕೈ ಕಳೆದುಕೊಂಡ ರೋಗಿಗಳಿಗಾಗಿ ಮಾಡಿದ್ದು ಎನ್ನುವವರಿದ್ದಾರೆ. ನನಗೆ ಕಾಣುವುದು ಇಷ್ಟೇ: ಹಲಗೆಗಳ ಸಂದು ಮೈಯ ನಡುವೆ ಬಾರದಿರಲೆಂದು ಚಿತ್ರಕಾರ ಶಿಲುಬೆಯನ್ನು ನೋಡುವವರ ಬಲಕ್ಕೆ ಸರಿಸಿದ್ದಾನೆ, ಅದು ತೋಳಿನ ಮೇಲೆ ಬಂತು. ಇದರಲ್ಲಿ ನಾನು ಬಡಗಿಯ ಲೆಕ್ಕದ ಕಡೆ.